ಆ ವಿಳಾಸದಲ್ಲಿ ಇಲ್ಲ

ಚಿಗವ್ವನ ತೋರುಬೆರಳ ತುದಿಯಲ್ಲಿ ಎಳೆ ಉಜ್ಜಿ ಉಜ್ಜಿ ಬಿದ್ದ ಒಂದು ಗೆರೆಯಿತ್ತು. ಅದರೊಳಗೆ ಕೂತ ಕೆಂಪು ಬಣ್ಣ ಯಾವ ಸಾಬೂನಿಗೂ ಹೋಗುತ್ತಿರಲಿಲ್ಲ. ಇಳಕಲ್ಲಿನ ಸೀರೆಯ ಒಡಲಿಗೆ ಸೆರಗನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವುದು ಅವಳ ಕೆಲಸ. ರಕ್ತಸಂಬಂಧವಿಲ್ಲ; ಪಕ್ಕದ ಮನೆಯ ವಿಧವೆ. ನನ್ನ ತಂದೆ ತಾಯಿ ತೀರಿದ ಮೇಲೆ, ಎರಡು ಮನೆಗಳ ನಡುವಿನ ಮೋಟುಗೋಡೆಯ ಮೇಲೆ ದಿನವೂ ನನಗಾಗಿ ರೊಟ್ಟಿಯ ತಟ್ಟೆ ಇಡುತ್ತಿದ್ದಳು. ಉಂಡೆಯಾ ಎಂದು ಕೇಳಿದವಳಲ್ಲ. ತಟ್ಟೆ ಖಾಲಿಯಾಗಿದೆಯೇ ಎಂದಷ್ಟೇ ನೋಡುವಳು.

ಎಪ್ಪತ್ತರ ದಶಕದ ಕೊನೆಗೆ ಕೊಲ್ಲಿ ದೇಶದ ಬಂದರೊಂದರಲ್ಲಿ ನನಗೆ ಫಿಟ್ಟರ್ ಕೆಲಸ ಗೊತ್ತಾಯಿತು. ಎರಡು ತಿಂಗಳೊಳಗೆ ವೀಸಾ ಆಗಬೇಕು. ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳಿರಬೇಕೆಂದರು. ನನ್ನದರಲ್ಲಿ ಉಳಿದದ್ದು ನಾಲ್ಕು. ನವೀಕರಣದ ಅರ್ಜಿಯ ಪ್ರತಿ ಹಾಳೆಯನ್ನೂ ಮೂರು ಸಲ ತಾಳೆ ನೋಡಿ ಕಳಿಸಿದೆ. ವಿಳಾಸ ವಿಚಾರಿಸಲು ಪೊಲೀಸರು ಬರುವರೆಂದು ಪಕ್ಕದ ಮನೆಗೆ ಹೇಳುವುದೊಂದನ್ನು ಮರೆತೆ.

ಪೇದೆ ಬಂದ ದಿನ ನಾನು ಬಾಗಲಕೋಟೆಗೆ ಹೋಗಿದ್ದೆ. ಸಂಜೆ ಗೋಡೆಯಾಚೆಯಿಂದ ಚಿಗವ್ವ ಪಿಸುಗುಟ್ಟಿದಳು:

"ಪೊಲೀಸ ನಿನ್ನ ಹುಡುಕ್ಕೊಂತ ಬಂದಿದ್ದ. ಅಂವ ಇಲ್ಲಿ ಇಲ್ರಿ, ಊರು ಬಿಟ್ಟು ಭಾಳ ವರ್ಸ ಆತು ಅಂದೆ. ಎಲ್ಲಿಗಿ ಹೋಗ್ಯಾನ ಅಂದ. ನನಗೇನು ಕಾಗದಾ ಬರೀತಾನೇನ್ರಿ ಅಂದೆ. ಉಳಕೊಂಡಿ ತಗೋ."

"ಚಿಗವ್ವಾ, ನನ್ನ ಅನ್ನದಾಗ ಮಣ್ಣು ಹಾಕಿದ್ಯಲ್ಲ," ಎಂದೆ.

ಅವಳು ಬೆರಳ ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜಿಕೊಂಡಳು. "ಪೊಲೀಸ್ರು ನಮ್ಮ ಮನಿಯವರನ್ನ ಕೇಳ್ಕೊಂತ ಬಂದಾಗ, ಒಳಗ ಅದಾರ್ರಿ ಅಂತ ನಾನ ಹೇಳಿದ್ದೆ. ಎಂಟು ದಿನಕ್ಕ ಹೊತಗೊಂಡು ತಂದ್ರು. ಮತ್ತ ಮ್ಯಾಲೆ ಏಳಲಿಲ್ಲ."

ಪೊಲೀಸ್ ವರದಿಯಲ್ಲಿ 'ಅರ್ಜಿದಾರ ಆ ವಿಳಾಸದಲ್ಲಿ ಇಲ್ಲ' ಎಂದಿತ್ತು. ಇನ್ನೊಂದು ಬಾಗಿಲು ತಟ್ಟದೆ ಹೋದ ಆ ಪೇದೆಯನ್ನೂ, ಎದುರಿಗೆ ನಿಂತ ನನ್ನನ್ನೇ ನೋಡುತ್ತ "ನೀವು ಊರಾಗ ಇಲ್ಲಂತ ಬರದೈತಲ್ರಿ" ಎಂದ ಪೊಲೀಸ್ ಕಚೇರಿಯ ಗುಮಾಸ್ತನನ್ನೂ ನಾನು ಇಂದಿಗೂ ಕ್ಷಮಿಸಿಲ್ಲ. ಮರುವಿಚಾರಣೆ ಮುಗಿಯುವಷ್ಟರಲ್ಲಿ ಎರಡು ತಿಂಗಳು ಕಳೆದು, ಕೆಲಸ ಬೇರೊಬ್ಬನ ಪಾಲಾಗಿತ್ತು.

ಚಿಗವ್ವನನ್ನೂ ಕ್ಷಮಿಸಲಿಲ್ಲ. ಆರು ವರ್ಷ ಅವಳ ರೊಟ್ಟಿ ಮುಟ್ಟಲಿಲ್ಲ, ಮಾತೂ ಆಡಲಿಲ್ಲ. ಅವಳು ಇಡುವುದನ್ನು ಬಿಡಲಿಲ್ಲ. ಕಾಗೆಗಳು ತಿಂದವು.

ಒಂದು ಬೆಳಿಗ್ಗೆ ತಟ್ಟೆ ಇರಲಿಲ್ಲ. ಗೋಡೆ ದಾಟಿ ಹೋದೆ. ಅರ್ಧ ಕೂಡಿಸಿದ ಸೆರಗಿನ ಪಕ್ಕದಲ್ಲಿ ಅವಳು ಮಲಗಿದಂತಿದ್ದಳು; ಬೆರಳಿನ ಗೆರೆಯಲ್ಲಿ ಕೆಂಪು ಹಾಗೆಯೇ ಇತ್ತು. ಖಾಕಿ ಕಂಡರೆ ನಡುಗುತ್ತಿದ್ದ ಆ ಜೀವ ನನಗಾಗಿ ಪೇದೆಯ ಮುಖ ನೋಡಿ ಸುಳ್ಳು ಹೇಳಿತ್ತು. ಅಷ್ಟನ್ನು ನನಗಾಗಿ ಮತ್ತಾರೂ ಮಾಡಲಿಲ್ಲ.

ಮರಣ ನೋಂದಣಿಗೆ ಪುರಸಭೆಯವನು ಬಂದ. "ಈಕೀಗಿ ಯಾರೂ ಇಲ್ಲೇನ್ರಿ?"

"ನಾ ಅದೀನ್ರಿ."

"ಎಲ್ಲಿರತೀರಿ?"

"ಇಲ್ಲೇ, ಬಾಜೂ ಮನ್ಯಾಗ," ಎಂದೆ. "ಎಲ್ಲಿಗೂ ಹೋಗಿಲ್ಲ."