ನಾಲ್ಕನೆಯ ಸ್ಕ್ರೂ

"ಅಮ್ಮಾ, ಅತ್ತೆಗೆ ನಾಲ್ಕು ಬರಲ್ವಾ?"

ಮಗಳು ಇದನ್ನು ಕೇಳಿದಾಗ ನಾನು ಒಗೆದ ಬಟ್ಟೆ ಮಡಿಸುತ್ತಿದ್ದೆ. ಶನಿವಾರದ ಮಧ್ಯಾಹ್ನ. ಶಾಲೆಯಲ್ಲಿ ಅವಳಿಗೆ ಈಗಷ್ಟೇ ಹತ್ತರವರೆಗೆ ಕಲಿಸಿದ್ದಾರೆ. ಹಾಗಾಗಿ ಯಾರಿಗೆ ಎಷ್ಟು ಬರುತ್ತದೆ ಎಂಬ ತಪಾಸಣೆ ಮನೆಯಲ್ಲಿ ನಡೆದೇ ಇದೆ. ಅತ್ತೆ ಊಟದ ಮೇಜಿನ ಮುಂದೆ ಕೂತು ಸ್ಕ್ರೂ ಎಣಿಸುತ್ತಿದ್ದಾಳೆ, ಒಂದು ಎರಡು ಮೂರು ಅಂತಾಳೆ, ನಿಲ್ಲಿಸಿ ಮತ್ತೆ ಒಂದಕ್ಕೆ ಹೋಗುತ್ತಾಳೆ, ಅಳುತ್ತಲೂ ಇದ್ದಾಳೆ ಎಂದು ವರದಿ ಒಪ್ಪಿಸಿದಳು. "ನಾನು ಹೇಳ್ಕೊಡ್ಲಾ?" ಎಂದೂ ಕೇಳಿದಳು.

ಅವಳ ಅತ್ತೆ ಎಂದರೆ ನನ್ನ ಗಂಡನ ಅಕ್ಕ, ನನಗೆ ಅತ್ತಿಗೆ. ನಮ್ಮ ಜೊತೆಯಲ್ಲೇ ಇದ್ದಾರೆ. ಹಗಲು ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುತ್ತಾರೆ. ಇರುವೆಯ ತಲೆಯಷ್ಟಿರುವ ಸ್ಕ್ರೂಗಳನ್ನು ಬರಿಗಣ್ಣಿನಲ್ಲೇ ತಿರುಗಿಸುತ್ತಾರೆ. ವಾರದಲ್ಲಿ ಎರಡು ಮೂರು ಸಂಜೆ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಾರೆ. ಹದಿನಾಲ್ಕು ವರ್ಷಗಳಿಂದ ಅದೇ ತಂಡ. ಹೆಣ್ಣು ನೋಡಲು ಬಂದವರೆಲ್ಲ ಗಿಟಾರ್ ಬಿಡ್ತೀಯಾ ಅಂತ ಕೇಳಿದರಂತೆ. ಇವರು ಬಂದವರನ್ನೇ ಬಿಟ್ಟರು.

ಅವರ ಹತ್ತಿರ ಒಂದು ಪ್ರೊಸೆಸರ್ ಇದೆ. ಏನೂ ಗೊತ್ತಿಲ್ಲದ ನನ್ನ ಮಾತಿನಲ್ಲಿ ಹೇಳುವುದಾದರೆ, ಗಿಟಾರಿಗೂ ಸ್ಪೀಕರಿಗೂ ನಡುವೆ ನೆಲದ ಮೇಲೆ ಕೂರುವ ಚಪ್ಪಟೆ ಪೆಟ್ಟಿಗೆ. ಕಾಲಿನಲ್ಲಿ ಒಂದು ಗುಂಡಿ ಒತ್ತಿದರೆ ತಂತಿ ಗುಡುಗುತ್ತದೆ, ಇನ್ನೊಂದು ಒತ್ತಿದರೆ ಬಾವಿಯೊಳಗಿಂದ ಕರೆದಂತೆ ಕೇಳುತ್ತದೆ. ಅದರೊಳಗೆ ಅತ್ತಿಗೆ ತಾವೇ ಕೂತು ಕೂಡಿಸಿದ ನಲವತ್ತಾರು ದನಿಗಳಿವೆ. ಗೂಬೆ, ಹಿತ್ತಾಳೆ, ನೆಗಡಿ ಅಂತೆಲ್ಲ ಹೆಸರಿಟ್ಟಿದ್ದಾರೆ.

ಮೊದಲು ಅದು ಕಾಲಡಿಯಲ್ಲಿ ಸರಿಯದಿರಲೆಂದು ಒಂದು ಹಲಗೆಗೆ ವೆಲ್ಕ್ರೋದಿಂದ ಅಂಟಿಸಿದ್ದರು, ಮಗಳ ಶೂನಲ್ಲಿರುವ ಪರಪರ ಪಟ್ಟಿಯಂಥದ್ದೇ. ಬೇಸಿಗೆಯಲ್ಲಿ ವ್ಯಾನಿನೊಳಗೆ ಅಂಟು ಕರಗಿ ಪೆಟ್ಟಿಗೆ ಜಾರಿತು. ಅವತ್ತಿನಿಂದ ಅಂಟಿನ ಸಹವಾಸ ಸಾಕು ಎಂದರು. ಮಗಳು ಬೆಳೆದು ಬಿಟ್ಟ ಮಂಚದ ಪ್ಲೈವುಡ್ ಹಲಗೆ ಕೊಯ್ದು, ನಾಲ್ಕು ತೂತು ಕೊರೆದು, ಪೆಟ್ಟಿಗೆಯ ತಳದ ನಾಲ್ಕು ಸ್ಕ್ರೂ ಇದ್ದ ಜಾಗಕ್ಕೇ ಕೆಳಗಿನಿಂದ ಬಿಗಿದರು. ಹಲಗೆ ಒಂಬತ್ತು ಮಿಲಿಮೀಟರ್ ದಪ್ಪವಾದ್ದರಿಂದ ಸ್ಕ್ರೂ ಅಷ್ಟೇ ಉದ್ದ ಹೆಚ್ಚಿರಬೇಕು. ಒಂದು ಸುತ್ತು ಜಾಸ್ತಿಯಾದರೂ ಒಳಗಿನ ಸರ್ಕ್ಯೂಟ್ ಬೋರ್ಡಿಗೆ ಚುಚ್ಚುತ್ತದೆ. ಅದಕ್ಕೇ ನಾಲ್ಕನ್ನೂ ಅಂಗಡಿಗೆ ಒಯ್ದು, ಕನ್ನಡಕದ ಅರದಲ್ಲಿ ಉಜ್ಜಿ, ಅಳೆದು, ಮತ್ತೆ ಉಜ್ಜಿ ತಂದರು. ಡ್ರಮ್ಮಿನ ಅದುರಾಟಕ್ಕೆ ಸಡಿಲವಾಗಬಾರದೆಂದು ನನ್ನ ಕೆಂಪು ನೇಲ್ ಪಾಲಿಶ್ ಕೇಳಿ ಒಂದೊಂದರ ತಲೆಗೂ ಒಂದೊಂದು ಹನಿ ಇಟ್ಟರು. ದನಿ ಹೆಚ್ಚುಕಡಿಮೆ ಮಾಡುವ ತಿರುಗಣೆಗಳಿಗೆ ಯಾರ ಶೂ ಕೂಡ ತಾಗದಂತೆ ಮುಂದೆ ಅಡ್ಡವಾಗಿ ಬಚ್ಚಲಮನೆಯ ಹಳೇ ಟವೆಲ್ ರಾಡು. ಕರೆಂಟಿನ ತಂತಿಗೆ ಹಲಗೆಯ ಮೂಲೆಯಲ್ಲಿ ಒಂದು ಗಂಟು. ಯಾರಾದರೂ ಎಡವಿದರೆ ಗಂಟನ್ನು ಎಳೆಯಲಿ, ಪೆಟ್ಟಿಗೆಯ ಕರುಳನ್ನಲ್ಲ ಎಂದು. ನಾನು ಮಗುವಿಗೆ ಟೋಪಿ ಕಟ್ಟುವಾಗಲೂ ಅಷ್ಟು ಯೋಚಿಸಿರಲಿಲ್ಲ.

ಬುಧವಾರ ಸಂಜೆ ಒಂದು ಕಂಪನಿಯ ವಾರ್ಷಿಕ ಸಮಾರಂಭ. ಮಗಳನ್ನು ಕರೆದುಕೊಂಡು ನಾನೂ ಹೋಗಿದ್ದೆ, ಮೂರನೇ ಸಾಲಿನಲ್ಲಿ ಕೂತಿದ್ದೆ. ಎರಡನೇ ಹಾಡಿನ ಮಧ್ಯೆ ಗಿಟಾರ್ ಇದ್ದಕ್ಕಿದ್ದ ಹಾಗೆ ಸತ್ತುಹೋಯಿತು. ಅತ್ತಿಗೆ ಬಗ್ಗಿ ಗುಂಡಿ ಒತ್ತಿದರು, ತಂತಿ ನೋಡಿದರು. ಏನೂ ಇಲ್ಲ. ತಂಡದ ಯಜಮಾನನೇ ಮುಖ್ಯ ಗಾಯಕ. ಆತ ಹಾಡು ನಿಲ್ಲಿಸಿ ಮೈಕಿನಲ್ಲಿ, "ಕ್ಷಮಿಸಿ, ನಮ್ಮ ಮೇಡಂ ಮನೇಲಿ ಕುಕ್ಕರ್ ಆರಿಸೋದು ಮರೆತು ಬಂದಿದಾರೆ. ಅದಕ್ಕೇ ಇಲ್ಲಿ ಗಿಟಾರ್ ಆರಿಸ್ಬಿಟ್ರು" ಎಂದ.

ಸಭೆ ಗೊಳ್ಳೆಂದು ನಕ್ಕಿತು. ಬರೆಯಲು ನಾಚಿಕೆಯಾಗುತ್ತದೆ, ನಾನೂ ಅರ್ಧ ನಕ್ಕಿದ್ದೆ. ಆಮೇಲೆ ಅತ್ತಿಗೆಯ ಮುಖ ಕಂಡಿತು. ಉಳಿದರ್ಧ ಗಂಟಲಲ್ಲೇ ಸಿಕ್ಕಿಕೊಂಡಿತು, ಇನ್ನೂ ಇಳಿದಿಲ್ಲ. ಮಿಕ್ಕ ಅಷ್ಟೂ ಹಾಡಿಗೆ ಅವರು ದನಿಯಿಲ್ಲದ ಗಿಟಾರ್ ತಗಲಿಸಿಕೊಂಡು ವೇದಿಕೆಯ ಮೇಲೇ ನಿಂತಿದ್ದರು. ಇಳಿದು ಬರಲಿಲ್ಲ.

ಶುಕ್ರವಾರ ಯಜಮಾನನಿಂದ ಫೋನಿಗೆ ಸಂದೇಶ ಬಂತು. ಸದ್ಯಕ್ಕೆ ಬೇರೆ ಗಿಟಾರಿನವರನ್ನು ನೋಡಿದ್ದೇವೆ, ನೀವು ಸ್ವಲ್ಪ ವಿಶ್ರಾಂತಿ ತಗೊಳ್ಳಿ. ಕೊನೆಗೊಂದು ಕೈಮುಗಿಯುವ ಚಿತ್ರ. ಹದಿನಾಲ್ಕು ವರ್ಷಕ್ಕೆ ಒಂದೂವರೆ ಸಾಲು ಮತ್ತು ಎರಡು ಹಳದಿ ಅಂಗೈ.

ಎರಡು ದಿನ ಪೆಟ್ಟಿಗೆಯನ್ನು ಮುಟ್ಟದೆ ಇದ್ದವರು ಇವತ್ತು ಮೇಜಿನ ಮೇಲೆ ಹಳೇ ಬೆಡ್‌ಶೀಟ್ ಹಾಸಿ ಬಿಚ್ಚಲು ಕೂತಿದ್ದರು. ಮಗಳ ಮಾತು ಕೇಳಿ ನಾನು ಹೋಗಿ ನೋಡಿದೆ. ಬೆಡ್‌ಶೀಟಿನ ಮೇಲೆ ಕೆಂಪು ತಲೆಯ ಸ್ಕ್ರೂ ಮೂರು. ಪಕ್ಕದಲ್ಲಿ ಒಂದು ಕಪ್ಪನೆಯದು, ಬೋಳು ತಲೆ, ಉಳಿದವಕ್ಕಿಂತ ಅರ್ಧ ಉಗುರಿನಷ್ಟು ಉದ್ದ.

"ಇದು ನಂದಲ್ಲ" ಎಂದರು ಅತ್ತಿಗೆ. ಕಣ್ಣಿನಿಂದ ನೀರು ಸುರಿಯುತ್ತಿತ್ತು, ಕೈ ಮಾತ್ರ ಕಲ್ಲಿನ ಹಾಗೆ ನಿಂತಿತ್ತು. "ಸ್ಪೀಕರ್ ಸ್ಟ್ಯಾಂಡಿಂದು."

ಒಳಗಿನ ಹಸಿರು ಬೋರ್ಡಿನ ಮೇಲೆ ಅದರ ಮೊನೆ ಕೊರೆದ ಗುಳಿ ಕಾಣುತ್ತಿತ್ತು. ಅದರೊಳಗಿನ ಪುಡಿ ಒರೆಸಿ, ಕರೆಂಟ್ ಕೊಟ್ಟರು. ಪೆಟ್ಟಿಗೆ ಕಣ್ಣು ಬಿಟ್ಟಿತು. ಗೂಬೆಯೂ ಇತ್ತು, ನೆಗಡಿಯೂ ಇತ್ತು. ಮೂರನೇ ಗುಂಡಿ ಮಾತ್ರ ಸತ್ತಿದೆ.

ಡ್ರಮ್ಸ್ ನುಡಿಸುವಾತನಿಗೆ ಫೋನ್ ಮಾಡಿದರು. ಆತ ಬಹಳ ಹೊತ್ತು ಅದೂ ಇದೂ ಮಾತಾಡಿ ಕೊನೆಗೆ ಬಾಯಿಬಿಟ್ಟ. ಬುಧವಾರ ಕಾರ್ಯಕ್ರಮಕ್ಕೆ ಮೊದಲು ಅತ್ತಿಗೆ ಸೀರೆ ಬದಲಿಸಲು ಹೋದಾಗ ಯಜಮಾನ ಹಲಗೆಯನ್ನು ಹಿಡಿಯದೆ ಪೆಟ್ಟಿಗೆಯನ್ನೇ ಹಿಡಿದು ಎತ್ತಿದನಂತೆ. ಒಂದು ಸ್ಕ್ರೂ ಕಿತ್ತು ಎಲ್ಲೋ ಉರುಳಿತು. ಕೈಗೆ ಸಿಕ್ಕಿದ್ದನ್ನು ಡ್ರಿಲ್ಲಿನಲ್ಲಿ ಗರಗರ ಬಿಗಿದು, ಆಯ್ತು ಬಿಡ್ರೋ ಎಂದನಂತೆ. ನನ್ನ ಹೆಸರು ಮಾತ್ರ ಹೇಳ್ಬೇಡಿ ಅಕ್ಕಾ ಎಂದು ಮೂರು ಸಲ ಬೇಡಿಕೊಂಡು ಫೋನ್ ಇಟ್ಟ.

ಅಂದರೆ ಮೈಕ್ ಹಿಡಿದು ಕುಕ್ಕರಿನ ತಮಾಷೆ ಮಾಡುವಾಗ ಯಜಮಾನನಿಗೆ ಎಲ್ಲ ಗೊತ್ತಿತ್ತು. ಬಟ್ಟೆ ಮಡಿಸಲು ವಾಪಸ್ ಹೋದೆ, ಆಗಲಿಲ್ಲ. ಮಗಳ ಫ್ರಾಕನ್ನು ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಮಡಿಸಿದೆ.

ಸಂಜೆ ನನ್ನವರಿಗೆ ಹೇಳಿದರೆ, ಅಕ್ಕನ ಕಡೆ ತಿರುಗಿ, "ಹೋಗ್ಲಿ ಬಿಡಕ್ಕ, ಪೆಟ್ಟಿಗೆ ಸರಿಯಾಯ್ತಲ್ಲ, ಯಾಕೆ ದೊಡ್ಡದು ಮಾಡ್ತೀಯ" ಎಂದರು. ಪೆಟ್ಟಿಗೆ ಸರಿಯಾಗಿದೆಯಂತೆ. ಜನ ನಕ್ಕಿದ್ದು ಪೆಟ್ಟಿಗೆಯನ್ನು ನೋಡಿಯೇ? ಅವರ ಕಾಫಿಯನ್ನು ಮೇಜಿನ ಮೇಲೆ ಕುಕ್ಕಿದ್ದು ನಾನು. ಅತ್ತಿಗೆ ಅಂಗಡಿಯಿಂದ ಅರ ತಂದು ಹೊಸ ಸ್ಕ್ರೂ ಉಜ್ಜುತ್ತಿದ್ದರು. ಅಳತೆ ಸರಿಬಂದ ಮೇಲೆ ಬಿಗಿದು ನೇಲ್ ಪಾಲಿಶ್ ಕೇಳಿದರು. ಹನಿ ಇಡುವ ಕೆಲಸವನ್ನು ಮಗಳಿಗೆ ಕೊಟ್ಟರು. ಅವಳು ನಾಲಿಗೆ ಕಚ್ಚಿಕೊಂಡು ಇಟ್ಟು, "ನಾಲ್ಕು" ಎಂದು ಗಟ್ಟಿಯಾಗಿ ಹೇಳಿಕೊಟ್ಟಳು. "ಬಂತಮ್ಮ, ಈಗ ಬಂತು" ಎಂದರು ಅತ್ತಿಗೆ.

ಆಮೇಲೆ ಆ ಕಪ್ಪು ಸ್ಕ್ರೂವನ್ನು ಕನ್ನಡಕದ ಡಬ್ಬಿಯಲ್ಲಿ ಹಾಕಿ ಮುಚ್ಚಿ, ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದರು. ನಾಳೆ ಹತ್ತು ಗಂಟೆಗೆ ರಿಹರ್ಸಲ್ ಇದೆ, ಹೊಸ ಗಿಟಾರಿನವನೂ ಬರುತ್ತಾನೆ, ತಾವೂ ಹಲಗೆ ಹೊತ್ತುಕೊಂಡು ಹೋಗುವುದೇ ಸೈ ಎಂದರು. ಮೈಕಿನಲ್ಲಿ ಹೇಳಿದ್ದನ್ನು ಯಜಮಾನ ಮೈಕಿನಲ್ಲೇ ವಾಪಸ್ ತೆಗೆದುಕೊಳ್ಳಬೇಕು, ತಮ್ಮ ಜಾಗ ತಮಗೆ ಬಿಟ್ಟುಕೊಡಬೇಕು. ಜಗಳ ಮಾಡುವುದು ತಮಗೆ ಗೊತ್ತು.

"ನೀನೊಂದು ಉಪಕಾರ ಮಾಡ್ಬೇಕು" ಎಂದರು. "ನನಗೆ ಸಿಟ್ಟು ಬಂದ್ರೆ ಬಾಯಿಗಿಂತ ಮೊದಲು ಕಣ್ಣು ಶುರು ಹಚ್ಕೊಳ್ಳುತ್ತೆ, ಚಿಕ್ಕೋಳಾಗಿದ್ದಾಗಿಂದ್ಲೂ ಹಾಗೇ. ಅಯ್ಯೋ ಅಳ್ತಿದಾರೆ ಅಂತ ಒಂದು ಲೋಟ ನೀರು ಕೊಟ್ಟು ಮನೆಗೆ ಕಳಿಸ್ಬಿಡ್ತಾರೆ. ನೀನು ನನ್ನ ಪಕ್ಕದಲ್ಲಿ ನಿಂತ್ಕೊ. ಕಣ್ಣಲ್ಲಿ ನೀರು ಬಂದ ತಕ್ಷಣ, ಇವರು ಅಳ್ತಾ ಇಲ್ಲ, ಇವರಿಗೆ ಸಿಟ್ಟು ಬಂದಿದೆ, ಕೂತು ಕೇಳಿ ಅಂತ ಹೇಳ್ಬಿಡು. ಮಿಕ್ಕಿದ್ದು ನಾನು ನೋಡ್ಕೋತೀನಿ."