ಮೇಸ್ತ್ರಿ ತಗ್ಗಿಸಿದ ಜೀಪು

ಮೇಸ್ತ್ರಿಯ ಎಡಗೈ ತುಂಬ ಕರಡಿಗಿದ್ದಂತೆ ಕೂದಲು. ಬಲಗೈ ಮಾತ್ರ ಬೋಳು. ವೆಲ್ಡಿಂಗ್ ಕಿಡಿ ಹಾರಿ ಹಾರಿ ಆ ಕೈಯಲ್ಲಿ ಒಂದು ಎಳೆಯೂ ಉಳಿದಿರಲಿಲ್ಲ. ಹೊಸಬರು ಯಾರಾದರೂ ದಿಟ್ಟಿಸಿ ನೋಡಿದರೆ, "ಈ ಕೈಗೆ ಕ್ಷೌರದ ಖರ್ಚಿಲ್ಲ ಸ್ವಾಮಿ" ಎನ್ನುತ್ತಿದ್ದರು.

ಉದಯಗಿರಿಯ ಒಂದು ಗಲ್ಲಿಯ ಕೊನೆಯಲ್ಲಿ ಅವರ ಶೆಡ್ಡು. ಎಸ್ಟೇಟಿನವರ ಹಳೇ ಜೀಪುಗಳು, ಮಿಲಿಟರಿ ಹರಾಜಿನ ಜೀಪುಗಳು ಏದುಸಿರು ಬಿಡುತ್ತ ಅಲ್ಲಿಗೆ ಬಂದು, ಮತ್ತೆ ಗುಡ್ಡ ಹತ್ತುವ ತಾಕತ್ತು ಪಡೆದು ಹೋಗುತ್ತಿದ್ದವು. ನಾನು ದೇವರಾಜ ಮೊಹಲ್ಲಾದಲ್ಲಿ ಗೋಣಿಚೀಲ ಹಾಸಿಕೊಂಡು ಹಳೇ ಬಿಡಿಭಾಗ ಮಾರುತ್ತಿದ್ದ ಕಾಲದಿಂದ ಅವರ ಪರಿಚಯ. ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿ ಕೇಳುವರು. ನಾನು ಬೆಲೆ ಹೇಳಿದರೆ ಚೌಕಾಸಿ ಮಾಡುತ್ತಿರಲಿಲ್ಲ. ಬೇರಿಂಗನ್ನು ಮೆಲ್ಲಗೆ ಕೆಳಗಿಟ್ಟು ಸುಮ್ಮನೆ ನನ್ನ ಮುಖ ನೋಡುವರು. ಆ ನೋಟ ತಡೆಯಲಾರದೆ ನಾನೇ ಬೆಲೆ ಇಳಿಸುತ್ತಿದ್ದೆ. ವ್ಯಾಪಾರಕ್ಕೆ ಕೈ ಹಾಕುವವರಿಗೆ ನಾನು ಇಂದಿಗೂ ಹೇಳುವ ಮೊದಲ ಬುದ್ಧಿಮಾತು ಇದೇ: ಬಾಯಿ ಮುಚ್ಚಿಕೊಂಡಿರಿ, ಎದುರಿನವರು ಮಾತಾಡಲಿ.

ಮುಂದೆ ನನಗೂ ಒಂದು ಅಂಗಡಿಯಾಯಿತು, ಹರಾಜಿನಲ್ಲಿ ಒಂದು ಜೀಪೂ ಸಿಕ್ಕಿತು. ಅದರ ಎತ್ತರ ತಗ್ಗಿಸಿ, ಮಿಂಚುವ ಹಾಗೆ ಮಾಡಿಸಿ, ಮದುವೆ ಮೆರವಣಿಗೆಗಳಿಗೆ ಬಾಡಿಗೆ ಬಿಡುವುದು ನನ್ನ ಲೆಕ್ಕಾಚಾರ. ಮೇಸ್ತ್ರಿಗೆ ಹೇಳಿದೆ. ಅವರು ಶೆಡ್ಡಿನ ಹಿಂಗೋಡೆಗೆ ಒರಗಿಸಿದ್ದ ತಗಡುಗಳನ್ನು ಸರಿಸಿದರು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ, ನಿಜವಾದ ಗಾಡಿಯಷ್ಟೇ ಉದ್ದದ ಜೀಪು. ಮೂತಿ ಕೆಳಗೆ, ಹಿಂದೆ ದಪ್ಪ ಚಕ್ರ, ಎತ್ತರ ಅರ್ಧಕ್ಕರ್ಧ.

"ಮುಖ ಜೀಪಿಂದೇ ಇರ್ಬೇಕು. ಆದ್ರೆ ನೆಲಕ್ಕೆ ಎದೆ ತಾಗ್ಸಿ ಹೊಂಚ್ ಹಾಕ್ತಿರೋ ಹುಲಿ ಥರ ಕಾಣ್ಬೇಕು" ಎಂದರು. "ಜೀವಮಾನ ಎಲ್ಲ ಬೇರೆಯೋರು ಮಾಡಿದ್ದನ್ನ ರಿಪೇರಿ ಮಾಡ್ದೆ ಸಾವ್ಕಾರ್ರೆ. ನಾನು ಅಂದ್ಕೊಂಡಂಗೇ ಇರೋದು ಒಂದು ರಸ್ತೇಲಿ ಓಡ್ಬೇಕು."

ಇಲ್ಲೊಂದು ಕಿವಿಮಾತು: ಆರ್‌ಟಿಒ ಒಪ್ಪಿಗೆ ಕೈಗೆ ಬರುವ ಮುಂಚೆ ಯಾವ ಗಾಡಿಗೂ ಗರಗಸ ಮುಟ್ಟಿಸಬೇಡಿ. ನಾನು ಓಡಾಡಿ ಅದನ್ನು ತಂದ ಮೇಲೆಯೇ ಮೇಸ್ತ್ರಿ ಕೆಲಸ ಶುರು ಮಾಡಿದ್ದು. ಮೇಲಿನ ಕವಚ ಬಿಚ್ಚಿದರು, ಕತ್ತರಿಸಿದರು, ಸ್ಪ್ರಿಂಗ್ ಇಳಿಸಿದರು. ದಿನಕ್ಕೊಮ್ಮೆ ಸಿಮೆಂಟ್ ನೆಲಕ್ಕೆ ಕೆನ್ನೆ ಒತ್ತಿ ಮಲಗಿ, ಒಂದು ಕಣ್ಣು ಮುಚ್ಚಿ ನೋಡುವರು. "ಗಾಡಿ ಅಂದ ನೋಡೋದು ಇಲ್ಲಿಂದ ಕಣ್ರೀ. ನಿಂತ್ಕೊಂಡು ನೋಡೋರಿಗೆ ಬರೀ ಬಣ್ಣ ಕಾಣೋದು." ಇಸ್ತ್ರಿ ಅಂಗಿ ತೊಟ್ಟು ಹೋದ ನನ್ನನ್ನೂ ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಿದ್ದರು.

ಗಲ್ಲಿಯ ಬಾಯಲ್ಲಿ ಒಬ್ಬ ಹೆಂಗಸು ಟೀ ಅಂಗಡಿ ಇಟ್ಟಿದ್ದರು. ಮೇಸ್ತ್ರಿಗೂ ಅವರಿಗೂ ದಿನಾ ಜಟಾಪಟಿ.

"ಬೆಟ್ಟ ಹತ್ತೋ ಜೀಪ್ನ ಕುಯ್ದು ಕುಯ್ದು ಮಣೆ ಮಾಡ್ಬುಟ್ಟೆಯಲ್ಲಣ್ಣ. ಇದ್ರ ಮೇಲೆ ಕೂತು ಊಟ ಮಾಡಾದಾ?"

"ನಿನ್ ಟೀಗಿಂತ ಗಟ್ಟಿಯಾಗದೆ ಕಣಕ್ಕ, ಸುಮ್ನಿರು."

ಮೊದಲ ಬಾಡಿಗೆಯ ದಿನ ಬಂತು. ನಂಜನಗೂಡು ರಸ್ತೆಯ ಛತ್ರಕ್ಕೆ ಬೆಳಿಗ್ಗೆಯೇ ಗಾಡಿ ತರುತ್ತೇನೆಂದು ಹೆಣ್ಣಿನ ತಂದೆಗೆ ಮಾತು ಕೊಟ್ಟಿದ್ದೆ. ನೇರಳೆ ಬಣ್ಣದ ಜೀಪು ಶೆಡ್ಡಿನಿಂದ ಹೊರಬಂತು. ಗಲ್ಲಿಯ ಜನವೆಲ್ಲ ಬಾಗಿಲಲ್ಲಿ. ಮೇಸ್ತ್ರಿಯೇ ಸ್ಟೀರಿಂಗ್ ಹಿಡಿದಿದ್ದರು, ಪಕ್ಕದಲ್ಲಿ ನಾನು. ಟೀ ಅಂಗಡಿ ಎದುರಿನ ಸ್ಪೀಡ್ ಹಂಪಿಗೆ ಮುಂದಿನ ಚಕ್ರ ಹತ್ತಿತೋ ಇಲ್ಲವೋ, ಕೆಳಗೆ ಕರ್ರ್ ಎಂದಿತು. ಗಾಡಿಯ ಹೊಟ್ಟೆ ಹಂಪಿಗೆ ತಾಗಿ ನಿಂತಿತು. ಹಿಂದೆ ಗೋಡೆ, ಆ ಗಲ್ಲಿಗೆ ಬೇರೆ ದಾರಿಯೇ ಇಲ್ಲ.

"ಈ ಹಂಪ್ ಯಾರ್ ಹಾಕ್ಸಿದ್ದು ಅಂತ ಜ್ಞಾಪಕ ಅದಾ ಅಣ್ಣ?" ಎಂದರು ಟೀ ಅಂಗಡಿಯಮ್ಮ.

ಹಾಕಿಸಿದ್ದು ಮೇಸ್ತ್ರಿಯೇ. ಹುಡುಗರ ಬೈಕ್ ಹಾವಳಿ ತಾಳಲಾರದೆ, ನಮ್ಮ ಕೆಲಸ ನಡೆಯುತ್ತಿದ್ದಾಗಲೇ ಕಾರ್ಪೊರೇಟರ್ ಮನೆಗೆ ಅಲೆದು ಮಾಡಿಸಿದ್ದರು. ಗಾರೆಯವರ ಪಕ್ಕ ನಿಂತು, "ಇನ್ನೆರಡು ಬಾಂಡ್ಲಿ ಸುರೀರಪ್ಪ" ಎಂದು ಎತ್ತರಿಸಿದ್ದನ್ನು ನಾನೇ ಕಂಡಿದ್ದೆ. ಶೆಡ್ಡಿನ ನೆಲದಿಂದ ಗಾಡಿಯನ್ನು ಅಷ್ಟು ಸಲ ನೋಡಿದವರು ಗಲ್ಲಿಯ ಬಾಯಿಯನ್ನು ಮರೆತಿದ್ದರು.

ಮೇಸ್ತ್ರಿ ಗಾಡಿಯನ್ನು ಹಿಂದಕ್ಕೆ ಇಳಿಸಿ, ರಸ್ತೆಗೆ ಕೆನ್ನೆ ಒತ್ತಿ ನೋಡಿ ಎದ್ದರು. "ಸ್ಪ್ರಿಂಗ್ ಎತ್ತಿಬುಡ್ತೀನಿ. ಒಂಚೂರು ಟೈಮ್ ಕೊಡಿ" ಎಂದರು. ಎತ್ತಿದರೆ ಅದು ಮತ್ತೆ ಎಲ್ಲರ ಜೀಪಿನಂಥದೇ ಜೀಪು. ಗೋಡೆಯ ಮೇಲಿನ ಹುಲಿ ಗೋಡೆಯಲ್ಲೇ ಉಳಿಯುತ್ತಿತ್ತು. ನನ್ನ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು, ಹೆಣ್ಣಿನ ತಂದೆಯದು.

"ಬೇರೆ ದಾರಿ ಇಲ್ವಾ ಮೇಸ್ತ್ರಿ?"

"ಓರೆಯಾಗಿ ಒಂದೊಂದೇ ಚಕ್ರ ಹತ್ತಿಸಿದ್ರೆ ದಾಟ್ತದೆ. ತಿರುಗ್ಸಕ್ಕೆ ಜಾಗ ಎಲ್ಲದೆ? ಅವಳ ಒಲೆ ಅಡ್ಡ ಅದೆ. ಅವಳನ್ನ ನಾನು ಕೇಳಲ್ಲ."

ಕೇಳುವುದು ನನ್ನ ಕಸುಬು. ಟೀ ಅಂಗಡಿಯ ಮುಂದೆ ಹೋಗಿ ನಿಂತೆ. ಮಾತಾಡಲಿಲ್ಲ. ಮೇಸ್ತ್ರಿ ಬೇರಿಂಗ್ ಕೆಳಗಿಟ್ಟು ನೋಡುತ್ತಿದ್ದ ಹಾಗೆ ಆಕೆಯ ಮುಖವನ್ನೇ ನೋಡಿದೆ.

"ಏನ್ ಹಂಗ್ ನೋಡ್ತೀರಿ?" ಎಂದರು. ಲೋಟ ಒರೆಸಿದರು. ಮೇಸ್ತ್ರಿಯತ್ತ ನೋಡಿದರು. "ಆಯ್ತು, ಒಲೆ, ಮೇಜು ಎತ್ತಿಸ್ತೀನಿ. ಮುಂದಿನ ಸೀಟು ನಂದು. ಛತ್ರದ ಗಂಟ."

ಹಾಗೆ ನನ್ನ ಜಾಗ ಹೋಯಿತು. ಬದುಕಿನಲ್ಲಿ ನಾನು ಮಾಡಿದ ಒಳ್ಳೇ ವ್ಯಾಪಾರಗಳಲ್ಲಿ ಅದೂ ಒಂದು.

ಒಲೆ ಎತ್ತಿದರು, ನಾವೆಲ್ಲ ದೂರ ನಿಂತೆವು. ಮೇಸ್ತ್ರಿ ಒಬ್ಬರೇ ಕೂತು ಮೂತಿಯನ್ನು ಅಂಗಡಿಯ ಕಡೆ ಓರೆ ಮಾಡಿದರು. ಒಂದು ಚಕ್ರ ಹತ್ತಿತು, ಇಳಿಯಿತು, ಇನ್ನೊಂದು. ಹೊಟ್ಟೆಗೂ ಹಂಪಿಗೂ ನಡುವೆ ಬೆರಳು ತೂರುವಷ್ಟು ಸಂದಿ. ಹಿಂದಿನ ಕೊನೆಯ ಚಕ್ರ ಇಳಿದಾಗ ಇಡೀ ಗಲ್ಲಿ ಶಿಳ್ಳೆ ಹಾಕಿತು. ಮೇಸ್ತ್ರಿ ತಿರುಗಿ ನೋಡದೆ, "ಹತ್ತಕ್ಕ. ಕಾಲು ಒರೆಸ್ಕೊಂಡು ಹತ್ತು" ಎಂದರು.

ನೆಲ ಮುಟ್ಟುವ ಆ ಜೀಪಿನಿಂದಲೇ ನನ್ನ ಬಾಡಿಗೆ ಗಾಡಿಗಳ ವ್ಯವಹಾರ ಎದ್ದು ನಿಂತಿತು. ಅದನ್ನು ನಾನು ಯಾರಿಗೂ ಮಾರಿಲ್ಲ. ಒಳ್ಳೇ ಬೆಲೆಗೆ ಕೇಳಿದವರಿದ್ದಾರೆ. ಸ್ಪ್ರಿಂಗನ್ನೂ ಎತ್ತಿಸಿಲ್ಲ.

ಹೋದ ವರ್ಷ ಮೇಸ್ತ್ರಿ ತೀರಿಕೊಂಡರು. ಅವರನ್ನು ಕೊಂಡೊಯ್ಯುವ ಗಾಡಿಯ ಮುಂದೆ ಈ ಜೀಪು ಹೋಗಲಿ ಎಂದು ಮನೆಯವರು ಕೇಳಿದರು. ನಾನೇ ಓಡಿಸಿದೆ. ಗಲ್ಲಿಯ ಬಾಯಿಗೆ ಬಂದು ನೋಡುತ್ತೇನೆ: ಯಾರೂ ಹೇಳದಿದ್ದರೂ ಒಲೆ, ಮೇಜು ಆಗಲೇ ಎತ್ತಿಟ್ಟಾಗಿತ್ತು. ಓರೆಯಾಗಿ ಒಂದೊಂದೇ ಚಕ್ರ ದಾಟಿಸಿದೆ. ಆಚೆ ಕಾಯುತ್ತಿದ್ದ ಟೀ ಅಂಗಡಿಯಮ್ಮ ಸೆರಗಿನಲ್ಲಿ ಕಾಲು ಒರೆಸಿಕೊಂಡು ಮುಂದಿನ ಸೀಟು ಹತ್ತಿದರು.