ಮಗಳು ಆರಿಸಿದ ಪ್ರೊಸೆಸರ್

ಚನ್ನಗಿರಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಒಬ್ಬರು ಮಾತಿಗೆ ಮೊದಲು ಕ್ಯಾಬಿನೆಟ್ ಮೇಲೆ ಅಂಗೈ ಇಡುತ್ತಿದ್ದರು. ಸ್ಪೀಡ್ ಏರಿಸಬಹುದಾದ ಪ್ರೊಸೆಸರ್ ಯಾವುದೆಂದು ನಾನು ಕೇಳಿದಾಗಲೆಲ್ಲ, "ಮೊದ್ಲು ಬಿಸಿ ನೋಡ್ರಿ, ಆಮೇಲೆ ಸ್ಪೀಡು" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ನಾನು ಅವರ ಅಂಗಡಿಯಲ್ಲಿದ್ದಾಗ ಬಸವಾಪಟ್ಟಣದ ಟೈಲರ್ ಒಬ್ಬರು ಕಂಪ್ಯೂಟರ್ ಹೊತ್ತು ಬಂದರು. ಕೈಯಲ್ಲಿ ಇನ್ನೂ ಬಿಚ್ಚದ ಪ್ರೊಸೆಸರ್ ಡಬ್ಬಿ, ಒಂದು ಚೀಟಿ ಇದ್ದವು.

"ಮಗಳು ತರ್ಸಿದ್ಲು. ಇದು ಬರೋದ್ರೊಳಗೆ ಅವಳೇ ತೀರಿಹೋದ್ಲು. ಚೀಟಿಯಾಗೆ ಅವಳು ಬರ್ದಷ್ಟೇ ಸ್ಪೀಡ್ ಇಡಾಕೆ ಆಗ್ತೈತೇನ್ರಿ?"

ಅಂಗಡಿಯವರು ಪ್ರೊಸೆಸರ್ ಜೋಡಿಸಿ, ಚೀಟಿಯಲ್ಲಿದ್ದ ಸ್ಪೀಡ್ ಇಟ್ಟರು. ಆ ವೇಗಕ್ಕೆ ಕಂಪ್ಯೂಟರ್ ಬಿಸಿಯಾಗಿ ಎರಡು ಸಲ ನಿಂತುಹೋಯಿತು. ಬಿಸಿ ಇಳಿಸಲು ತಮ್ಮ ಸ್ವಂತ ಕಂಪ್ಯೂಟರಿನ ದೊಡ್ಡ ಫ್ಯಾನ್ ಬಿಚ್ಚಿ ಇದಕ್ಕೆ ಹಾಕಿ, ಒಂದು ತಾಸು ಓಡಿಸಿ ನೋಡಿದರು. ಈ ಸಲ ಕಂಪ್ಯೂಟರ್ ನಿಲ್ಲಲಿಲ್ಲ.

ಚೀಟಿಯಲ್ಲಿದ್ದ ಸ್ಪೀಡನ್ನೇ ತೋರಿಸುತ್ತಿದ್ದ ಪರದೆಯನ್ನು ಆ ತಂದೆಯ ಕಡೆ ತಿರುಗಿಸಿ, "ನಿಮ್ಮ ಮಗಳು ಸರಿಯಾಗೇ ಆರಿಸ್ಯಾಳ್ರಿ" ಎಂದರು.